ನಾನು ಬರೆಯದೆ ಬಿಟ್ಟ ಓಣಿ

ಊರಿನ ಪೂರ್ವಕ್ಕೆ ಒಂದು ಹಳ್ಳವಿದೆ, ಹಳ್ಳದಾಚೆ ಖುಲ್ಲಾ ಜಾಗ.

ಈ ವಾಕ್ಯ ನನ್ನದು. ಯಾರು ಬೇಕಾದರೂ ಬರೆಯಬಹುದಾದ ಒಂದು ಅಂತರ್ಜಾಲ ವಿಶ್ವಕೋಶದಲ್ಲಿ, ನಮ್ಮೂರಿನ ಪುಟದಲ್ಲಿ, ಭೂಗೋಳ ಎಂಬ ತಲೆಬರಹದ ಕೆಳಗೆ ಅದು ಈಗಲೂ ಇದೆ. ರಾಯಬಾಗದ ಹೈಸ್ಕೂಲಿನಲ್ಲಿ ಒಂದು ಆಯುಷ್ಯ ಭೂಗೋಳ ಕಲಿಸಿದ ಮಾಸ್ತರ ಬರೆದದ್ದು ಎಂದು ಯಾರೂ ಅನುಮಾನಪಡಲಿಲ್ಲ. ಹಳ್ಳದಾಚೆ ಖುಲ್ಲಾ ಜಾಗವಿಲ್ಲ. ಅಲ್ಲೊಂದು ಓಣಿಯಿದೆ. ಮನೆಗಳ ಹಿಂದೆ ಚರ್ಮ ಹದ ಮಾಡುವ ಹೊಂಡಗಳಿವೆ, ಮುಂದಿನ ಕಟ್ಟೆಗಳ ಮೇಲೆ ಗಂಡಸರೂ ಹೆಂಗಸರೂ ಕುಳಿತು ಚಪ್ಪಲಿ ಹೊಲಿಯುತ್ತಾರೆ. ಊರಿನ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತರೆ ಎಲ್ಲವೂ ಕಾಣುತ್ತದೆ. ನಾನು ಆ ಮಾಳಿಗೆಯ ಮೇಲೆ ಗಾಳಿಪಟ ಹಾರಿಸಿ ಬೆಳೆದವನು.

ಮರೆತೆ ಎಂದು ಬರೆಯಲು ಎರಡು ಸಲ ಕುಳಿತೆ. ಆ ಪದ ಬಹಳ ಸುಲಭವಾಗಿ ಬಂತು, ಆದ್ದರಿಂದಲೇ ಹೊಡೆದುಹಾಕಿದೆ. ಬೇಕೆಂದೇ ಬಿಟ್ಟೆ ಎಂದು ಬರೆದರೆ ಅದೂ ಒಂದು ಬಗೆಯ ಶೌರ್ಯದಂತೆ ಕೇಳುತ್ತದೆ. ಆ ಮಧ್ಯಾಹ್ನ ನನ್ನ ಕೈ ಏನು ಮಾಡಿತು ಎಂಬುದು ಗೊತ್ತು, ತಲೆ ಏನು ಮಾಡಿತು ಎಂಬುದು ಗೊತ್ತಿಲ್ಲ.

ಶುರುವಾದದ್ದು ಫ್ರಾನ್ಸಿನಲ್ಲಿ. ನಾನು ಫ್ರಾನ್ಸಿಗೆ ಹೋದವನಲ್ಲ. ಕೊಲ್ಹಾಪುರದಿಂದಾಚೆ ಹೋದದ್ದೇ ಕಡಿಮೆ. ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ, ಬೇಸಿಗೆ ರಜೆಯಲ್ಲಿ, ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಬ್ಬ ಕಿರಿಯ ಶಿಕ್ಷಕ ನನಗೆ ಆ ವಿಶ್ವಕೋಶ ತೋರಿಸಿದ. ಸರ್, ಇದರಾಗ ಜಗತ್ತಿನ ಎಲ್ಲಾ ಹಳ್ಳಿ ಅದಾವ, ನಿಮ್ಮೂರು ಬಿಟ್ಟು, ಎಂದ. ಏನೋ ಒತ್ತಿದೆ, ಎಲ್ಲಿಂದ ಎಲ್ಲಿಗೋ ಹೋಗಿ ಫ್ರಾನ್ಸಿನ ಒಂದು ಸಣ್ಣ ಕಾರ್ಖಾನೆ ಊರಿನ ಪುಟದಲ್ಲಿ ನಿಂತೆ. ಯಂತ್ರ ಮಾಡಿದ ಕನ್ನಡದಲ್ಲಿ ಅದನ್ನು ಓದಿದೆ. ಎರಡು ಗುಡ್ಡಗಳ ನಡುವೆ ಊರು, ನಡುವೆ ತೊರೆ. ತೊರೆಯ ದಂಡೆಗೆ ಮೊದಲು ಹಿಟ್ಟಿನ ಗಿರಣಿ, ಆಮೇಲೆ ಚರ್ಮ ಹದ ಮಾಡುವ ಕಾರ್ಖಾನೆ. ಅದರ ನೀರು ತೊರೆಯನ್ನು ಕಂದು ಬಣ್ಣಕ್ಕೆ ತಿರುಗಿಸುತ್ತಿತ್ತಂತೆ, ನಾತ ಪಕ್ಕದ ಊರಿನವರೆಗೆ ಹೋಗುತ್ತಿತ್ತಂತೆ. ಕೈಗವಸು ಮಾಡುತ್ತಿದ್ದರಂತೆ. ಈಗ ಎಲ್ಲ ಮುಚ್ಚಿ, ಒಂದು ಚಿಮಣಿ ಮಾತ್ರ ಉಳಿದಿದೆ. ಆ ಚಿಮಣಿಯ ಫೋಟೋ ಇತ್ತು.

ನನ್ನ ಕಣ್ಣುಗಳು ಒದ್ದೆಯಾದವು. ಇದು ನಿಜ, ನಾಚಿಕೆಯಾಗುವಷ್ಟು ನಿಜ. ಎಂದೂ ನೋಡದ ಆ ಫ್ರೆಂಚ್ ಚಮ್ಮಾರರ ಒರಟು ಕೈಗಳನ್ನು, ಅವರ ಹೆಂಡಂದಿರು ಕಿಟಕಿಯ ಬೆಳಕಿನಲ್ಲಿ ಹೊಲಿಯುತ್ತಿದ್ದ ಕೈಗವಸುಗಳನ್ನು ನಾನು ಊಹಿಸಿಕೊಂಡೆ, ಪ್ರೀತಿಸಿದೆ. ನಾತವನ್ನು ಕೂಡ ಮುಚ್ಚುಮರೆಯಿಲ್ಲದೆ ಬರೆದ ಆ ಊರಿನವರ ಪ್ರಾಮಾಣಿಕತೆ ದೊಡ್ಡದೆನಿಸಿತು. ಅಂದೇ ನಮ್ಮೂರಿನ ಪುಟ ಶುರು ಮಾಡಿದೆ. ಅವರ ಪುಟದ ಅಸ್ಥಿಪಂಜರವನ್ನೇ ಇಟ್ಟುಕೊಂಡೆ: ಭೂಗೋಳ, ಇತಿಹಾಸ, ಆರ್ಥಿಕತೆ. ಗುಡ್ಡಗಳ ಜಾಗದಲ್ಲಿ ಅಥಣಿ ಮತ್ತು ಕಾಗವಾಡದ ನಡುವಿನ ಕಪ್ಪು ನೆಲ. ತೊರೆಯ ಜಾಗದಲ್ಲಿ ನಮ್ಮ ಹಳ್ಳ. ಚಿಮಣಿಯ ಜಾಗದಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ. ಅದು ಮುಚ್ಚಿಲ್ಲ, ಆದರೆ ಫೋಟೋ ಚೆನ್ನಾಗಿ ಬಂತು. ಅವರ ಪುಟದಲ್ಲಿ ಚರ್ಮದ ಕಾರ್ಖಾನೆ ಇದ್ದ ಜಾಗಕ್ಕೆ ಬಂದಾಗ ಬೆಲ್ಲದ ಗಾಣಗಳನ್ನು ಹಾಕಿದೆ, ಅದರ ಕೆಳಗೆ ದ್ರಾಕ್ಷಿ, ಒಣದ್ರಾಕ್ಷಿ. ಪುಟ ತುಂಬಿತು.

ಹೀಗೆ ಮಾಡಿದೆ. ಪರದೇಶದ ಚರ್ಮಕ್ಕೆ ಅತ್ತವನು ಮನೆಯ ಮುಂದಿನ ಚರ್ಮದ ಜಾಗದಲ್ಲಿ ಬೆಲ್ಲ ಇಟ್ಟೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವವೊಂದು ಇದ್ದರೂ ಸಾಯಬಾರದೆಂದು ಅಜ್ಜಿ, ನಮ್ಮ ಆಯಿ, ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಚರ್ಮ ಎಂಬ ಮಾತು ಊಟದ ಹೊತ್ತಿಗೆ ಬಾಯಲ್ಲಿ ಬರುವಂತಿರಲಿಲ್ಲ. ಹಳ್ಳದಾಚೆಯ ಓಣಿಗೆ ಹೆಸರು ಇತ್ತೋ ಇಲ್ಲವೋ, ನಮ್ಮ ಮನೆಯಲ್ಲಿ ಅದು ‘ಆಚೆ ಕಡೆ’. ಆಚೆ ಕಡೆಯ ಗಾಳಿ ಬಂದರೆ ಆಯಿ ಪೂರ್ವದ ಕಿಟಕಿ ಮುಚ್ಚುತ್ತಿದ್ದಳು.

ಮಾಳಿಗೆಯಿಂದ ನಾನು ನೋಡುತ್ತಿದ್ದೆ. ಸುಣ್ಣದ ಹೊಂಡದಲ್ಲಿ ನೆನೆಸಿ ಕೂದಲು ಹೆರೆದ ಇಡೀ ಚರ್ಮವನ್ನು ಅವರು ಚೀಲದಂತೆ ಹೊಲಿಯುತ್ತಿದ್ದರು. ಮೂರು ಕಂಬ ಕೂಡಿಸಿ ಅದನ್ನು ತೂಗುಹಾಕಿ, ಒಳಗೆ ಜಾಲಿಯ ತೊಗಟೆ, ಅಳಲೆಕಾಯಿ, ನೀರು ತುಂಬುತ್ತಿದ್ದರು. ಚೀಲ ಬಸಿರಿಯಂತೆ ಉಬ್ಬಿ ಹೊಲಿಗೆಗಳಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು. ಕೆಳಗಿನ ಮಡಕೆಯಲ್ಲಿ ಕೂಡಿದ ನೀರನ್ನು ಒಬ್ಬ ಹೆಂಗಸು ಮತ್ತೆ ಮೇಲಿಂದ ಸುರಿಯುತ್ತಿದ್ದಳು, ಅದು ಮತ್ತೆ ತೊಟ್ಟಿಕ್ಕುತ್ತಿತ್ತು. ದಿನಗಟ್ಟಲೆ ಹೀಗೆ. ಸಾಲಾಗಿ ತೂಗುವ ಆ ಚೀಲಗಳು ನನ್ನ ಕನಸಿನಲ್ಲಿ ತಲೆಯಿಲ್ಲದ ದನಗಳಾಗಿ ಬರುತ್ತಿದ್ದವು.

ಆದರೆ ನಮ್ಮ ಹೊಲಕ್ಕೆ ನೀರು ಬರುತ್ತಿದ್ದುದು ಅದೇ ಓಣಿಯಿಂದ. ನನ್ನ ಬಾಲ್ಯದಲ್ಲಿ ನಮ್ಮ ಬಾವಿಗೆ ಇನ್ನೂ ಪಂಪು ಬಂದಿರಲಿಲ್ಲ. ಮೋಟ ಇತ್ತು. ಮೋಟ ಎಂದರೆ ಚರ್ಮದ ದೊಡ್ಡ ಚೀಲ, ಬಾಯಿಗೆ ಕಬ್ಬಿಣದ ಬಳೆ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದರೆ ಅದು ತುಂಬಿಕೊಂಡು ಬಾವಿಯಿಂದ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಅದನ್ನು ಹೊಲಿಯುತ್ತಿದ್ದವರು ಆಚೆ ಕಡೆಯವರು. ನಮ್ಮ ಎತ್ತು ಸತ್ತರೆ ಒಯ್ಯುತ್ತಿದ್ದವರೂ ಅವರೇ. ಒಯ್ಯುವವರೆಗೆ ನಮ್ಮ ಮನೆಯ ಬಾಗಿಲು ಮುಚ್ಚಿರುತ್ತಿತ್ತು. ನಮ್ಮದೇ ಎತ್ತಿನ ಚರ್ಮ ನಮ್ಮದೇ ಬಾವಿಗೆ ತಿರುಗಿ ಬಂದಿರಬಹುದು. ಆಯಿ ಸೋಸಿದ ನೀರು ಕುಡಿದು ನಾವು ತಿಂದ ಬೆಲ್ಲದ ಕಬ್ಬು ಆ ನೀರಿನದು. ಇದನ್ನೆಲ್ಲ ನಾನು ಬಲ್ಲೆ. ಬಲ್ಲದ್ದರಿಂದಲೇ ಪುಟದಲ್ಲಿ ಅದು ಇಲ್ಲ ಎನಿಸುತ್ತದೆ, ಆದರೆ ಇದೂ ಈಗ ಹೊಳೆದ ಮಾತು, ಅಂದಿನದಲ್ಲ.

ಪುಟಕ್ಕೆ ಊರಲ್ಲಿ ಒಳ್ಳೆಯ ಹೆಸರು ಬಂತು. ಪಂಚಾಯಿತಿಯವರು ಅದನ್ನು ಪ್ರಿಂಟ್ ತೆಗೆಸಿ ಫೈಲಿನಲ್ಲಿಟ್ಟರು. ಎರಡು ವರ್ಷ ಕಳೆದವು. ಒಂದು ಭಾನುವಾರ ಬೆಳಿಗ್ಗೆ ರಾಯಬಾಗದ ನಮ್ಮ ಮನೆಯ ಗೇಟಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

“ಮಾಸ್ತರ್ರ, ನಾ ಯಾರಂತ ಗುರ್ತ ಸಿಕ್ಕತೇನ್ರಿ?”

ಸಿಕ್ಕಿತು. ಊರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ನನ್ನ ಜೊತೆ ಓದಿದವಳು. ಮೋಟ ಹೊಲಿಯುತ್ತಿದ್ದವನ ಮಗಳು.

“ಗೊತ್ತಾತು, ಬಾ, ಕೂಡು,” ಎಂದೆ.

“ಗೊತ್ತಾಗಲಿಲ್ಲಂದ್ರೂ ನಡೀತೈತ್ರಿ. ನಾವು ಖುಲ್ಲಾ ಜಾಗದಾಗ ಇರೋ ಮಂದಿ.”

ಅವಳು ಕುರ್ಚಿ ಬಿಟ್ಟು ಮೆಟ್ಟಿಲ ಮೇಲೆ ಕುಳಿತಳು. ಚೀಲದಿಂದ ನನ್ನ ಪುಟದ ಪ್ರತಿ ತೆಗೆದು ಮೊಣಕಾಲ ಮೇಲೆ ಸವರಿದಳು.

“ಚಿಕ್ಕೋಡಿಗೆ ಹೋಗಿದ್ವ್ರಿ. ನಾವೊಂದಿಷ್ಟು ಹೆಣ್ಮಕ್ಕಳು ಸಂಘ ಮಾಡೇವಿ. ಎಲ್ಲಾರೂ ಒಂದ ಕಡೆ ಕುಂತು ಹೊಲಿಯಾಕ ಒಂದು ಶೆಡ್ ಕೊಡ್ತಾರಂತ. ಮಳಿಗಾಲದಾಗ ಕಟ್ಟಿ ಮ್ಯಾಲಿನ ಚರ್ಮೆಲ್ಲಾ ಬೂಷ್ಟ ಹಿಡೀತೈತ್ರಿ, ಹೆಣದಿದ್ದೆಲ್ಲಾ ಹಾಳ. ಅಲ್ಲಿ ಸಾಹೇಬ್ರು ಛಲೋ ಮನಷ್ಯಾ. ಮೊಬೈಲ್‌ನ್ಯಾಗ ನಮ್ಮೂರು ತಗದು ಓದಿದ್ರು. ಓದಿ ನನ್ನ ಮಾರಿ ನೋಡಿದ್ರು. ಅವ್ವಾರ, ನಿಮ್ಮೂರಾಗ ಬೆಲ್ಲ ಐತಿ, ದ್ರಾಕ್ಷಿ ಐತಿ, ಚಪ್ಪಲಿ ಎಲ್ಲೈತಿ ಅಂದ್ರು.”

“ನೀ ಏನಂದಿ?”

“ಕಾಲಾಗ ಐತ್ರಿ ಅಂದೆ.”

ನಾನು ನಕ್ಕೆ. ಅವಳು ನಗಲಿಲ್ಲ.

“ಹಳೇ ಕಾಲದಿಂದ ಕೆಲಸ ನಡದ ಊರಿಗೇ ಶೆಡ್ ಅಂತ್ರಿ. ತಿಂಗಳೊಪ್ಪತ್ತಿನ್ಯಾಗ ಪುರಾವೆ ತರ್ರಿ, ಇಲ್ಲಂದ್ರ ಬ್ಯಾರೇ ಊರಿಗೆ ಹೋಗತೈತಿ ಅಂದಾರ.”

“ಪಂಚಾಯ್ತಿಯವರು ಬರದು ಕೊಡಲಿಲ್ಲೇನು?”

“ಕೊಟ್ಟಾರಲ್ರಿ. ನಿಮ್ಮದನ್ನ ನೋಡಿ ಬರದಾರ.”

ಅವಳು ಹೋದ ಮೇಲೆ ಕಂಪ್ಯೂಟರ್ ಮುಂದೆ ಕುಳಿತು ತಿದ್ದಿದೆ. ಖುಲ್ಲಾ ಜಾಗ ತೆಗೆದು ಓಣಿ ಹಾಕಿದೆ. ಹೊಂಡ, ಚೀಲ, ತೊಗಟೆ, ಮೋಟ ಎಲ್ಲವನ್ನೂ ಬರೆದೆ. ಇಲ್ಲಿ ಹುಟ್ಟಿದ ಚಪ್ಪಲಿ ನಿಪ್ಪಾಣಿ ದಾಟಿದ ಕೂಡಲೇ ಕೊಲ್ಹಾಪುರದ್ದಾಗುತ್ತದೆ ಎಂದೂ ಬರೆದೆ. ಬರೆಯುತ್ತ ಬರೆಯುತ್ತ ಉತ್ಸಾಹ ಬಂದು ಇನ್ನೊಂದು ಪ್ಯಾರಾ ಸೇರಿಸಿದೆ. ಬಾಲ್ಯದಲ್ಲಿ ನಾನು ಆ ಓಣಿಯ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ಮೋಟ ಹೊಲಿಯುವುದನ್ನು ನೋಡುತ್ತಿದ್ದೆ, ಆ ಮನೆಯಾಕೆ ಕೊಟ್ಟ ಹುರಿದ ಶೇಂಗಾ ತಿನ್ನುತ್ತಿದ್ದೆ. ಇದನ್ನು ನಾನು ಕಲ್ಪಿಸಲಿಲ್ಲ. ಶೇಂಗಾದ ಬಿಸಿ ಅಂಗೈಗೆ ಗೊತ್ತಿತ್ತು. ಎಷ್ಟೋ ವರ್ಷಗಳಿಂದ ಇದನ್ನು ನಾನು ಗೆಳೆಯರಿಗೆ, ಹೆಂಡತಿಗೆ, ತರಗತಿಯಲ್ಲಿ ಮಕ್ಕಳಿಗೆ ಹೇಳಿದ್ದೆ. ನಮ್ಮ ಮನೆಯವರ ಹಾಗೆ ನಾನಲ್ಲ ಎಂಬುದಕ್ಕೆ ನನ್ನ ಬಳಿ ಇದ್ದ ಆಧಾರ ಅದೊಂದೇ.

ಮೂರು ದಿನಕ್ಕೆ ನಾನು ಸೇರಿಸಿದ್ದೆಲ್ಲ ಪುಟದಿಂದ ಮಾಯವಾಗಿತ್ತು. ಎಲ್ಲೋ ಕುಳಿತ ಯಾರೋ ಒಬ್ಬರು ಅಳಿಸಿ, ಸ್ವಂತ ನೆನಪು ಆಧಾರವಾಗುವುದಿಲ್ಲ, ದಾಖಲೆ ಕೊಡಿ ಎಂದು ಟಿಪ್ಪಣಿ ಬಿಟ್ಟಿದ್ದರು. ಖುಲ್ಲಾ ಜಾಗ ಮತ್ತೆ ಬಂದು ಕುಳಿತಿತ್ತು. ಅದಕ್ಕೆ ಯಾರೂ ದಾಖಲೆ ಕೇಳಿರಲಿಲ್ಲ.

ಮುಂದಿನ ಭಾನುವಾರ ಊರಿಗೆ ಹೋದೆ. ಅವಳು ಹಳ್ಳದ ಹತ್ತಿರವೇ ಸಿಕ್ಕಳು, ತೊಳೆದ ಚರ್ಮದ ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು. ಈಗ ಹಳ್ಳಕ್ಕೆ ಸಣ್ಣ ಸಿಮೆಂಟಿನ ಸೇತುವೆ ಇದೆ. ಹೊಂಡಗಳಲ್ಲಿ ಹೆಚ್ಚಿನವು ಬತ್ತಿವೆ; ಹದ ಮಾಡಿದ ಚರ್ಮ ಟೆಂಪೋದಲ್ಲಿ ಬರುತ್ತದೆ, ಕತ್ತರಿಸುವುದು, ಹೆಣೆಯುವುದು, ಹೊಲಿಯುವುದು ಇಲ್ಲಿ.

“ನೀವು ಬರದಿದ್ದು ಅಳಸೂಕಿಂತ ಮೊದಲ ನನ್ನ ಮಗಳು ಓದಿ ಹೇಳಿದ್ಲರಿ,” ಎಂದಳು. “ಛಲೋ ಬರದೀರಿ. ಖರೆ ಆ ಶೇಂಗಾ ಯಾರ ಮನಿದ್ರಿ?”

“ನಿಮ್ಮ ಮನಿದs. ನಿಮ್ಮವ್ವ ಕೊಡ್ತಿದ್ಲು.”

“ನಮ್ಮವ್ವ?” ಈಗ ನಕ್ಕಳು. “ನಮಗ ಕೊಡಾಕ ಇರತಿದ್ದಿಲ್ಲ, ನಿಮಗೆಲ್ಲಿಂದ ಕೊಟ್ಟಾಳ್ರಿ? ಮಾಸ್ತರ್ರ, ನೀವು ಹಳ್ಳಾ ದಾಟಿದ್ದ ಇಲ್ಲ.”

“ಏ, ಬರ್ತಿದ್ನೆಲಾ. ಮೋಟ ತರಾಕ ಆಳಿನ ಜೋಡಿ ಬರ್ತಿದ್ದೆ.”

“ಬರ್ತಿದ್ರಿ. ಎಲ್ಲೀತನಕ?” ಅವಳು ಸೇತುವೆಯ ಕೆಳಗೆ ಬೆರಳು ತೋರಿಸಿದಳು. ನಮ್ಮ ದಂಡೆಯಲ್ಲಿ ಚಪ್ಪಟೆಯಾದ ಒಂದು ಕರಿಕಲ್ಲು, ಅರ್ಧ ಕೆಸರಲ್ಲಿ. “ನಮ್ಮಪ್ಪ ಮೋಟ ತಂದು ಆ ಕಲ್ಲಿನ ಮ್ಯಾಲ ಇಟ್ಟು ತಿರಗಿ ಬರಬೇಕು. ಆತ ನಮ್ಮ ದಂಡಿ ಮುಟ್ಟೂತನಕ ನೀವು ಅಲ್ಲೇ ಬೇವಿನ ಗಿಡದ ಬುಡಕ ನಿಂದರತಿದ್ರಿ. ಆಮ್ಯಾಲ ಆಳು ಹೋಗಿ ಎತ್ತಕೊಳ್ಳಾಂವ. ನಿಮ್ಮ ಕೈಯಾಗ ಒಂದು ಹಿತ್ತಾಳಿ ತಂಬಗಿ. ನೀವು ಮೋಟಿನ ಮ್ಯಾಲ ನೀರ ಹಾಕತಿದ್ರಿ. ಬಾಳ ಶಿಸ್ತಿಲೆ ಹಾಕತಿದ್ರಿ, ಸುತ್ತೂ ಕಡೆ.”

ತಂಬಿಗೆ ಎಂದ ಕೂಡಲೇ ನನಗೆ ಅದರ ಕಂಠದ ಮೇಲಿನ ನಗ್ಗು ನೆನಪಾಯಿತು. ಬೆರಳಿಗೆ ಸಿಗುತ್ತಿದ್ದ ನಗ್ಗು. ಶೇಂಗಾ ಎಲ್ಲಿಂದ ಬಂತು? ಆಯಿ ಹುರಿದು ಕೊಟ್ಟದ್ದಿರಬಹುದು, ಬೇವಿನ ಬುಡಕ್ಕೆ ನಿಂತು ತಿಂದದ್ದಿರಬಹುದು. ಆಚೆ ದಂಡೆಯಲ್ಲಿ ಅವಳು ನಿಂತು ನೋಡಿರಬಹುದು. ಇದನ್ನು ಅವಳಿಗೆ ಕೇಳುವ ಧೈರ್ಯ ಆಗಲಿಲ್ಲ.

“ಅದಿರಲಿ ಬಿಡ್ರಿ,” ಎಂದಳು ಅವಳೇ. “ಆ ಮೋಟ ಐತೇನ್ರಿ ಇನ್ನಾ ನಿಮ್ಮ ಮನ್ಯಾಗ? ನಮ್ಮ ಕಡೆ ಒಂದೂ ಉಳದಿಲ್ಲ. ಮಾಡಿದವರ ಮನ್ಯಾಗ ಎಂದ ಉಳೀತೈತ್ರಿ? ಇಟಗೊಂಡವರ ಮನ್ಯಾಗ ಉಳದಿರತೈತಿ.”

ಇತ್ತು. ಊರ ಮನೆಯಲ್ಲಿ ಈಗ ನನ್ನ ಅಣ್ಣನಿದ್ದಾನೆ. ದನದ ಮನೆಯ ಅಟ್ಟದಲ್ಲಿ, ಹಳೆಯ ಪಂಪಿನ ಸಾಮಾನು ತುಂಬಿದ್ದ ಒಂದು ಗಟ್ಟಿ ಕಪ್ಪು ಚೀಲವನ್ನು ತೋರಿಸಿ ಅಣ್ಣ ಕೇಳಿದ, “ನೀ ಕೇಳಿದ್ದು ಇದs ಏನ? ಅದನ್ಯಾಕ ಕೈಲೆ ಮುಟ್ಟತೀಯೋ, ತಡಿ, ಆಳಿಗೆ ಹೇಳತೀನಿ.”

“ಬ್ಯಾಡ, ನಾನ ಒಯ್ಯತೀನಿ,” ಎಂದೆ. ಬೋಲ್ಟು, ವಾಷರ್ ಸುರಿದು ಅದನ್ನು ಹೆಗಲಿಗೆ ಹಾಕಿಕೊಂಡು ಸೇತುವೆ ದಾಟಿದೆ. ಇಲ್ಲಿ ನನಗೆ ಒಳ್ಳೆಯ ಚಿತ್ರವೊಂದು ಸಿಗುತ್ತಿತ್ತು, ಆದರೆ ಇನ್ನೊಂದನ್ನೂ ಹೇಳಬೇಕು. ಅವಳ ಕಟ್ಟೆಯ ಮೇಲೆ ಮೋಟ ಇಳಿಸಿದ ಮರುಕ್ಷಣ ನನ್ನ ಕೈಗಳು ತಾವಾಗಿ ಹೋಗಿ ಪ್ಯಾಂಟಿಗೆ ಒರೆಸಿಕೊಂಡವು. ಅವಳು ನೋಡಿದಳು. ಅದು ಧೂಳು ಎಂದು ನಾನು ಹೇಳಬಹುದಿತ್ತು. ಧೂಳೂ ಇತ್ತು.

ಅವಳು ಮೋಟಿನ ಬಾಯಿ ತಿರುಗಿಸುತ್ತ ಹೊಲಿಗೆ ಮುಗಿದ ಜಾಗ ಹುಡುಕಿದಳು. ಅವರಲ್ಲಿ ಪ್ರತಿ ಮನೆಯವರೂ ಹೊಲಿಗೆಯ ಕೊನೆಯನ್ನು ತಮ್ಮದೇ ರೀತಿಯಲ್ಲಿ ಕಟ್ಟುತ್ತಾರೆ. ಮೊಳೆ ಹೊಡೆಯುವುದಿಲ್ಲ, ಚರ್ಮದ್ದೇ ದಾರ, ಆ ದಾರದ್ದೇ ಗಂಟು. ಕಬ್ಬಿಣದ ಬಳೆಯ ಕೆಳಗೆ ಮೂರು ಓರೆ ಹೊಲಿಗೆ, ಅವುಗಳ ಮೇಲೆ ಅಡ್ಡ ಒಂದು. ಅದರ ಮೇಲೆ ಅವಳು ಬೆರಳಿಟ್ಟಳು.

“ನಮ್ಮಪ್ಪನ ಕೈ,” ಎಂದಳು. ಕಾಲಿನ ಚಪ್ಪಲಿ ಕಳಚಿ ಅದರ ಅಡಿಭಾಗ ತೋರಿಸಿದಳು. ಮೂರು ಓರೆ, ಒಂದು ಅಡ್ಡ. “ಇದು ನಂದು.”

ಒಳಗಿನಿಂದ ಅವಳ ಮಗಳು ಚಹಾ ತಂದಳು. ನಾನು ತುಸು ಅವಸರವಾಗಿಯೇ ಬಟ್ಟಲು ಎತ್ತಿಕೊಂಡೆ.

“ನಿದಾನ ಕುಡೀರಿ ಮಾಸ್ತರ್ರ, ಸುಡತೈತಿ,” ಎಂದಳು. “ಮತ್ತ ಇದನ್ನೊಂದು ಬರದ ಇಟ್ಟೀರಿ.”

ಬರೆದಿದ್ದೇನೆ.

ಶೆಡ್ ಆಯಿತು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟರೆ ನಾನು ತಂದುಕೊಟ್ಟ ಹಾಗೆ ಕಾಣುತ್ತದೆ. ಈ ಮಳೆಗಾಲ ಅವರು ಅದರ ಕೆಳಗೆ ಕುಳಿತಿದ್ದಾರೆ, ಚರ್ಮಕ್ಕೆ ಬೂಷ್ಟು ಬಂದಿಲ್ಲ. ಕೊನೆಗೆ ಇಡಬೇಕಾದದ್ದು ಚಿಕ್ಕೋಡಿಯ ಆ ಕಚೇರಿಯಲ್ಲಿ ನಡೆದದ್ದು.

ಊರಿನಿಂದ ಬಸ್ಸಿನಲ್ಲಿ ಹೋದೆವು. ಅವಳಿಗೆ ಟಿಕೆಟ್ ಇಲ್ಲ, ನನಗೆ ಇದೆ. ಕಂಡಕ್ಟರ್ ನನ್ನ ತೊಡೆಯ ಮೇಲಿನ ಮೋಟವನ್ನು ನೋಡಿ, “ಇದೇನ್ರಿ, ಡೊಳ್ಳೇನ್ರಿ?” ಎಂದ. “ಡೊಳ್ಳಲ್ಲೋ ಅಪ್ಪಾ, ನಿಮ್ಮಜ್ಜನ ಪಂಪಸೆಟ್ಟು,” ಎಂದಳು ಅವಳು ಮುಂದಿನ ಸೀಟಿನಿಂದ ತಿರುಗದೆ. ಬಸ್ಸು ನಕ್ಕಿತು. ಕೃಷ್ಣೆಯ ಸೇತುವೆ ದಾಟುವಾಗ ಕೆಳಗಿನ ನೀರು ನೋಡುತ್ತ, ನಾನು ಸಾಹೇಬರಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಪುಟ ಬರೆದವನು ನಾನೇ, ತಪ್ಪು ನನ್ನದು ಎಂದು. ಎಷ್ಟು ಸಲ ಜೋಡಿಸಿದರೂ ಆ ಮಾತು ಭಾಷಣದ ಹಾಗೆ ಆಗುತ್ತಿತ್ತು.

ಸಾಹೇಬರು ನಿಜಕ್ಕೂ ಒಳ್ಳೆಯ ಮನುಷ್ಯ. ಮೋಟವನ್ನು ಮೇಜಿನ ಮೇಲೇ ಇಡಿಸಿದರು. ಅವಳು ಪಕ್ಕದಲ್ಲಿ ಒಂದು ಪೇಪರ್ ಹಾಸಿ ಹೊಸ ಚಪ್ಪಲಿಯನ್ನು ಬೋರಲು ಇಟ್ಟಳು. ಎರಡು ಗಂಟುಗಳನ್ನು ಅವರು ಬಹಳ ಹೊತ್ತು ನೋಡಿದರು, ಮೊಬೈಲಿನಲ್ಲಿ ಫೋಟೋ ತೆಗೆದರು. ನಾನು ನನ್ನ ಭಾಷಣ ಮಾಡಿದೆ. ಅವರು ಅರ್ಧದಲ್ಲೇ, “ಇರಲಿ ಬಿಡ್ರಿ ಸರ್, ಎಲ್ಲಾರೂ ಹಂಗs ಬರೀತಾರ,” ಎಂದು ಒಂದು ಫಾರ್ಮ್ ಎಳೆದುಕೊಂಡರು. ಆ ಕ್ಷಮೆ ನನಗೆ ಇಷ್ಟು ಅಗ್ಗದಲ್ಲಿ ಬೇಕಿರಲಿಲ್ಲ. ಆದರೂ ತೆಗೆದುಕೊಂಡೆ.

“ವಸ್ತು ಯಾರದು?”

“ನಮ್ಮ ಮನಿದ್ರಿ,” ಎಂದೆ.

“ಎಲ್ಲಿ ಮಾಡಿದ್ದು?”

“ನಮ್ಮೂರಾಗ. ಹಳ್ಳದಾಚೆ ಓಣ್ಯಾಗ.”

“ಮಾಡಿದವರ ಹೆಸರು ಹೇಳ್ರಿ.”

ಅವರು ನನ್ನನ್ನೇ ನೋಡುತ್ತಿದ್ದರು, ಮೋಟ ನಮ್ಮದಲ್ಲವೇ. ನಾನು ಬಾಯಿ ತೆರೆದೆ. ಆತನ ಬೆನ್ನು ಗೊತ್ತಿತ್ತು, ಕಲ್ಲಿನಿಂದ ತಿರುಗಿ ಹೋಗುವಾಗಿನ ಬೆನ್ನು. ಹಳ್ಳ ದಾಟುವಾಗ ಧೋತರ ಎತ್ತಿ ಹಿಡಿಯುತ್ತಿದ್ದ ರೀತಿ ಗೊತ್ತಿತ್ತು, ಅಥವಾ ಗೊತ್ತು ಎಂದುಕೊಂಡಿದ್ದೆ. ಆತನ ಮನೆಯ ಶೇಂಗಾ ತಿಂದೆ ಎಂದು ಮೂವತ್ತು ವರ್ಷ ಹೇಳಿದವನಿಗೆ ಆತನ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಆತನನ್ನು ಹೆಸರಿನಿಂದ ಕರೆದದ್ದನ್ನು ಕೇಳಿರಲಿಲ್ಲ. ಆಚೆ ಕಡೆಯಾಂವ ಬಂದಾನ, ಎನ್ನುತ್ತಿದ್ದರು.

ಅವಳು ನನ್ನ ಕಡೆ ತಿರುಗಿ ಕಾದಳು. ಕೋಪದಿಂದಲ್ಲ, ಬಹುಶಃ ನನಗೆ ಗೊತ್ತಿರಬಹುದು ಎಂದು ನಿಜವಾಗಿಯೂ ಎಣಿಸಿದ್ದಳು. ಫ್ಯಾನು ಫಾರ್ಮಿನ ತುದಿಯನ್ನು ಎತ್ತಿ ಎತ್ತಿ ಬಿಡುತ್ತಿತ್ತು. ಆಮೇಲೆ ಅವಳು ಸಾಹೇಬರ ಕಡೆ ತಿರುಗಿ ತಂದೆಯ ಹೆಸರು ಹೇಳಿದಳು, ಆತನ ತಂದೆಯ ಹೆಸರನ್ನೂ ಹೇಳಿದಳು. ಅವರು ಅಕ್ಷರ ಕೇಳಿ ಕೇಳಿ ಬರೆದುಕೊಂಡರು. ನಾನು ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಅದನ್ನು ನನಗೆ ಹೇಳಲಿಲ್ಲ, ಅವರಿಗೆ ಹೇಳಿದಳು.

ಬರೆದು ಮುಗಿಸಿ ಅವರು ಫಾರ್ಮನ್ನು ನನ್ನ ಮುಂದೆ ಸರಿಸಿದರು. ಕೆಳಗೆ, ವಸ್ತುವಿನ ಮಾಲೀಕ ದೃಢೀಕರಿಸಬೇಕಾದ ಜಾಗ.

“ಹೆಸರು ಬರೋಬ್ಬರಿ ಐತೇನ್ರಿ ಸರ್?”

“ಹೌದ್ರಿ,” ಎಂದೆ. ಸಹಿ ಮಾಡಿದೆ.